ಕೈಯಾರೆ ಮಾಡಿದ ಹಿಂದಿನ ಸಸ್ಪೆನ್ಷನ್ ಲಿಂಕ್: ಟಕ್ ಸದ್ದು, ಕುಣಿತ, ನಡುಕ ಎಲ್ಲಿಂದ ಅಂತ ಹುಡುಕುವುದು ಹೇಗೆ

ಕಂಪನಿಯ ಲಿಂಕ್, ಅಂದರೆ ಆಕ್ಸಲ್ಲನ್ನು ಚಾಸಿಗೆ ಹಿಡಿದಿಡುವ ಸರಳು, ಬಿಚ್ಚಿಟ್ಟು ನಿಮ್ಮದೇ ಪೈಪು, ನಿಮ್ಮದೇ ಬ್ರಾಕೆಟ್ ಹಾಕಿ ಹಿಂದಿನ ಆಕ್ಸಲ್ ಕೂರಿಸಿದ್ದೀರಿ. ನಿಂತಾಗ ನೋಡೋಕೆ ಚೆನ್ನಾಗಿದೆ. ಓಡಿಸಿದರೆ ಟಕ್ ಅನ್ನುತ್ತದೆ, ಇಲ್ಲವೇ ಏರಿನಲ್ಲಿ ಹಿಂದಿನ ಚಕ್ರ ಕುಣಿಯುತ್ತದೆ, ಇಲ್ಲವೇ ವೇಗ ಏರಿದ ಹಾಗೆ ಸೀಟಿನ ಕೆಳಗೆ ನಡುಕ ಶುರುವಾಗುತ್ತದೆ. ಇಂಥ ಹೊತ್ತಿನಲ್ಲಿ ಬಹಳ ಜನ ಮೊದಲು ಮಾಡುವುದು ಲಿಂಕಿನ ತುದಿಗೆ ಹೊಸ ಜಾಯಿಂಟ್ (ತಿರುಗುವ ಕೀಲು) ತರಿಸುವುದು. ಸ್ವಲ್ಪ ತಡೆಯಿರಿ. ಜಾಯಿಂಟ್ ಸವೆದಿರಬಹುದು, ಆದರೆ ಅದು ಇಷ್ಟು ಬೇಗ ಯಾಕೆ ಸವೆಯಿತು ಅಂತ ಗೊತ್ತಾಗದೆ ಇನ್ನೊಂದು ಹಾಕಿದರೆ ಅದೂ ಅಷ್ಟೇ ಬೇಗ ಸವೆಯುತ್ತದೆ.

ಮೊದಲು ಕೇಳಬೇಕಾದದ್ದು ಒಂದೇ: ದೋಷ ಯಾವಾಗ ಬರುತ್ತದೆ? ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಬಂದರೆ ಎಲ್ಲೋ ಸಡಿಲ ಇದೆ. ಚಕ್ರ ಮೇಲೆ ಕೆಳಗೆ ಹೋದಾಗ ಮಾತ್ರ ಬಂದರೆ ಎಲ್ಲೋ ಬಿಗಿ ಇದೆ, ಅಂದರೆ ಜಾಯಿಂಟ್ ತಿರುಗೋಕೆ ಜಾಗ ಸಾಲುತ್ತಿಲ್ಲ. ವೇಗದ ಜೊತೆ ಬಂದರೆ ಲಿಂಕ್‌ಗಿಂತ ಮೊದಲು ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಆಕ್ಸಲ್‌ಗೆ ತಿರುಗುವ ಬಲ ತರುವ ಉದ್ದ ಸರಳು) ಕಡೆ ನೋಡಿ. ಎಳೆತ ಜಾಸ್ತಿ ಬಿದ್ದಾಗ ಮಾತ್ರ ಚಕ್ರ ಕುಣಿದರೆ ಅದು ಲಿಂಕ್‌ಗಳು ಎಲ್ಲಿ, ಯಾವ ಕೋನದಲ್ಲಿ ಕೂತಿವೆ ಅನ್ನುವುದರ ಸಮಸ್ಯೆ, ಬರೀ ಬೋಲ್ಟ್ ಬಿಗಿ ಮಾಡಿದರೆ ಅದು ಹೋಗುವುದಿಲ್ಲ. ಇಷ್ಟು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಹೇಳುತ್ತಿರುವುದು ಕಾಯಿಲ್ ಸ್ಪ್ರಿಂಗ್ ಇರುವ, ಇಡೀ ಆಕ್ಸಲ್ ಒಂದೇ ತುಂಡಾಗಿರುವ ಗಾಡಿಗೆ. ಕೆಳಗೆ ಎರಡು ಲಿಂಕ್, ಮೇಲೆ ಎರಡು, ಅಥವಾ ಅದರ ಜೊತೆ ಅಡ್ಡಕ್ಕೆ ಒಂದು ಪ್ಯಾನ್‌ಹಾರ್ಡ್ ರಾಡ್, ಅಂದರೆ ಆಕ್ಸಲ್ ಎಡಕ್ಕೆ ಬಲಕ್ಕೆ ಸರಿಯದ ಹಾಗೆ ಹಿಡಿಯುವ ಸರಳು.

ಅಳತೆ ಮೊದಲು

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಟ್ಯಾಂಕ್ ತುಂಬಿರಲಿ, ಸ್ಟೆಪ್ನಿ, ಸಾಮಾನು ಎಲ್ಲ ಎಂದಿನ ಹಾಗೆ ಇರಲಿ, ಟೈರ್ ಗಾಳಿ ನಾಲ್ಕರಲ್ಲೂ ಸರಿ ಇರಲಿ. ಚಾಸಿಯಿಂದ ಆಕ್ಸಲ್ ಟ್ಯೂಬಿಗೆ ಎತ್ತರ ಎರಡೂ ಬದಿ ಅಳೆಯಿರಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಷ್ಟಿದೆ ಅಂತ ಎಡಕ್ಕೊಂದು, ಬಲಕ್ಕೊಂದು ಅಳೆಯಿರಿ, ಮುಂದಿನ ಚಕ್ರ ನೇರ ಇಟ್ಟುಕೊಂಡು. ಚಾಸಿಯಲ್ಲಿ ಎರಡೂ ಬದಿ ಒಂದೇ ಜಾಗದಲ್ಲಿರುವ ತೂತು ಹುಡುಕಿ, ಅಲ್ಲಿಂದ ತೂಗುಗುಂಡು ಬಿಟ್ಟು ನೆಲದಲ್ಲಿ ಗುರುತು ಹಾಕಿ, ಆಕ್ಸಲ್‌ನ ಎರಡು ತುದಿಗೂ ಹಾಗೆಯೇ ಮಾಡಿ, ಆಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಎರಡು ಕರ್ಣದ ಅಳತೆ ಸಮ ಇಲ್ಲದಿದ್ದರೆ ಆಕ್ಸಲ್ ಓರೆಯಾಗಿದೆ ಅಥವಾ ಒಂದು ಬದಿಗೆ ಸರಿದಿದೆ. ಪಿನಿಯನ್ (ಶಾಫ್ಟ್ ಬಂದು ಸೇರುವ ಆಕ್ಸಲ್ಲಿನ ಮೂಗು) ಕೋನ, ಪ್ರತಿ ಲಿಂಕಿನ ಕೋನ ಬರೆದಿಟ್ಟುಕೊಳ್ಳಿ. ಒಂದು ಕಾಗದದಲ್ಲಿ ಬರೆಯಿರಿ, ತಲೆಯಲ್ಲಿ ಇಟ್ಟುಕೊಂಡರೆ ನಾಳೆಗೆ ಮರೆತಿರುತ್ತೀರಿ.

ಪ್ರತಿ ಲಾಕ್ ನಟ್ (ಜಾಯಿಂಟ್ ಪೈಪಿನೊಳಗೆ ತಿರುಗದ ಹಾಗೆ ಹಿಡಿಯುವ ನಟ್) ಮೇಲೆ, ನಟ್ಟಿನಿಂದ ಪೈಪಿನ ತನಕ ದಾಟುವ ಹಾಗೆ ಬಣ್ಣದ ಒಂದು ಗೆರೆ ಎಳೆಯಿರಿ. ಬೋಲ್ಟುಗಳಿಗೂ ಅಷ್ಟೇ. ಮುಂದೆ ಈ ಗೆರೆಗಳೇ ಜಾಸ್ತಿ ಮಾತಾಡುತ್ತವೆ.

ಗಾಡಿ ಎತ್ತುವುದಾದರೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಲಿಂಕ್ ಬಿಚ್ಚುವಾಗ ಆಕ್ಸಲ್ ತಾನೇ ಉರುಳುತ್ತದೆ, ಅದಕ್ಕೂ ಪಿನಿಯನ್ ಕೆಳಗೆ ಒಂದು ಆಸರೆ ಬೇಕು.

ಟಕ್ ಸದ್ದು

ಮೊದಲು ಬಲ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿದುಕೊಂಡರೆ ಹುಡುಕೋದು ಸುಲಭ. ಗಾಡಿ ಮುಂದಕ್ಕೆ ಎಳೆಯುವಾಗ ಹಿಂದಿನ ಚಕ್ರ ನೆಲವನ್ನು ತಳ್ಳುತ್ತದೆ, ಆಕ್ಸಲ್ ಮುಂದಕ್ಕೆ ಬರೋಕೆ ನೋಡುತ್ತದೆ, ಕೆಳಗಿನ ಲಿಂಕ್ ಒತ್ತಡಕ್ಕೆ ಸಿಗುತ್ತದೆ. ಅದೇ ಹೊತ್ತಿಗೆ ಆಕ್ಸಲ್ ಹೌಸಿಂಗ್ ಚಕ್ರಕ್ಕೆ ಉಲ್ಟಾ ತಿರುಗೋಕೆ ನೋಡುತ್ತದೆ, ಪಿನಿಯನ್ ಮೂಗು ಮೇಲೇಳುತ್ತದೆ, ಮೇಲಿನ ಲಿಂಕ್ ಎಳೆತಕ್ಕೆ ಸಿಗುತ್ತದೆ. ಬ್ರೇಕ್ ಹಾಕಿದಾಗ ಎಲ್ಲ ಉಲ್ಟಾ. ಹಾಗಾಗಿ ಒತ್ತಿ ಬಿಟ್ಟಾಗ ಒಂದು ಟಕ್, ಬ್ರೇಕ್ ಹಾಕಿದಾಗ ಒಂದು ಟಕ್ ಬಂದರೆ ಲಿಂಕಿನ ದಾರಿಯಲ್ಲೇ ಎಲ್ಲೋ ಸಂದು ಇದೆ. ಬ್ರೇಕಿಗೆ ಸದ್ದೇ ಇಲ್ಲ, ಬರೀ ಗೇರ್ ಹಾಕಿ ಎಳೆದಾಗ ಮಾತ್ರ ಅಂದರೆ ಯು.ಜೆ. ಕ್ರಾಸ್ (ಶಾಫ್ಟ್ ತುದಿಯ ಕೀಲು), ಸ್ಲಿಪ್ ಜಾಯಿಂಟಿನ ಸ್ಪ್ಲೈನ್ (ಶಾಫ್ಟ್ ಉದ್ದ ಹೆಚ್ಚುಕಡಿಮೆ ಆಗುವ ಹಾಗೆ ಜಾರುವ ಹಲ್ಲು), ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್ ಗೇರುಗಳ ಸಂದು ಇವುಗಳನ್ನು ಮೊದಲು ನೋಡಿ. ಚಕ್ರಕ್ಕೆ ಅಡ್ಡ ಇಟ್ಟು, ಎಂಜಿನ್ ಆಫ್ ಮಾಡಿ, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗೆ ಎಳೆತ ಹಂಚುವ ಗೇರ್ ಪೆಟ್ಟಿಗೆ) ನ್ಯೂಟ್ರಲ್‌ನಲ್ಲಿಟ್ಟು ಶಾಫ್ಟನ್ನು ಕೈಯಲ್ಲಿ ತಿರುಚಿ ಅಲುಗಿಸಿದರೆ ಬಹುತೇಕ ಗೊತ್ತಾಗುತ್ತದೆ.

ಲಿಂಕ್ ಅಂತ ಅನುಮಾನ ಬಂದರೆ ಫೋನನ್ನು ಗಾಡಿ ಕೆಳಗೆ ನೆಲದ ಮೇಲೆ, ಟೈರಿನ ದಾರಿಗೆ ಸಿಗದ ಹಾಗೆ ಇಟ್ಟು ವಿಡಿಯೊ ಹಚ್ಚಿ. ಒಬ್ಬರು ಸೀಟಿನಲ್ಲಿ ಕೂತು ಬ್ರೇಕ್ ತುಳಿದುಕೊಂಡೇ ಒಮ್ಮೆ ಫಸ್ಟ್, ಒಮ್ಮೆ ರಿವರ್ಸ್ ಹಾಕಿ ಸ್ವಲ್ಪವೇ ಎಳೆತ ಕೊಡಲಿ. ಗಾಡಿಯ ಮುಂದೆ, ಹಿಂದೆ, ಕೆಳಗೆ ಯಾರೂ ಇರಬಾರದು, ಕೈಯಿಟ್ಟು ನೋಡುವ ಆಸೆಯಂತೂ ಬೇಡವೇ ಬೇಡ. ಒಂದೊಂದು ತುದಿಗೆ ಒಂದೊಂದು ವಿಡಿಯೊ ಮಾಡಿ ನಿಧಾನಕ್ಕೆ ಓಡಿಸಿ ನೋಡಿ. ಕಿವಿಗೆ ಎಡ ಅಂತ ಕೇಳಿದ್ದು ಕಣ್ಣಿಗೆ ಬಲದಲ್ಲಿ ಕಾಣುತ್ತದೆ, ಚಾಸಿ ಸದ್ದನ್ನು ಅಷ್ಟು ಚೆನ್ನಾಗಿ ಸಾಗಿಸುತ್ತದೆ.

ಈಗ ಏನು ಕಾಣಬಹುದು ಅಂತ ನೋಡೋಣ. ಬೋಲ್ಟ್ ತೂತು ಉದ್ದುದ್ದ ಆಗಿರುವುದು ಬಹಳ ಸಾಮಾನ್ಯ. ಇದಕ್ಕೆ ಬೋಲ್ಟ್ ಕಾರಣ ಅಂತ ಬೈಯುತ್ತಾರೆ, ನಿಜವಾದ ಕಾರಣ ಹೆಚ್ಚಾಗಿ ಎರಡು. ಒಂದು, ಬೋಲ್ಟಿನ ಥ್ರೆಡ್ ಭಾಗ ಬ್ರಾಕೆಟ್ ತೂತಿನೊಳಗೇ ಕೂತಿರುತ್ತದೆ, ಥ್ರೆಡ್ ಅಂಚು ಅರದ ಹಾಗೆ ತಿನ್ನುತ್ತದೆ. ಬ್ರಾಕೆಟ್ಟಿನ ಎರಡೂ ಕಿವಿಯೊಳಗೆ (ಬೋಲ್ಟ್ ಹಾಯುವ ಎರಡು ಪಕ್ಕದ ತಗಡು) ನುಣ್ಣನೆಯ ಭಾಗವೇ ಇರುವ ಉದ್ದದ ಬೋಲ್ಟ್ ಬೇಕು, ಉಳಿದದ್ದಕ್ಕೆ ವಾಷರ್ ಹಾಕಿಕೊಳ್ಳಿ. ಎರಡನೆಯದು ಯಾರೂ ನೋಡದ್ದು: ಬ್ರಾಕೆಟ್ಟಿನ ಎರಡು ಕಿವಿಗಳ ನಡುವಿನ ಅಗಲ ಜಾಯಿಂಟ್ ಮತ್ತು ಸ್ಪೇಸರ್ ಸೇರಿದ ಅಗಲಕ್ಕಿಂತ ಒಂದೆರಡು ಮಿ.ಮೀ. ಜಾಸ್ತಿ ಇರುತ್ತದೆ. ಆಗ ನೀವು ಬೋಲ್ಟ್ ಬಿಗಿ ಮಾಡಿದ ಶಕ್ತಿಯೆಲ್ಲ ಕಿವಿಗಳನ್ನು ಒಳಕ್ಕೆ ಬಗ್ಗಿಸುವುದಕ್ಕೇ ಹೋಗುತ್ತದೆ, ಜಾಯಿಂಟನ್ನು ಹಿಡಿಯೋಕೆ ಏನೂ ಉಳಿಯುವುದಿಲ್ಲ. ಟಾರ್ಕ್ ರೆಂಚ್ ಕ್ಲಿಕ್ ಅಂದಿದೆ, ಮನಸ್ಸಿಗೆ ಸಮಾಧಾನ ಆಗಿದೆ, ಆದರೆ ಒಳಗೆ ಸಡಿಲ. ಸರಿ ಅಳತೆಯ ತೆಳು ವಾಷರ್ ಹಾಕಿ ಸಂದು ತುಂಬಿ. ಉದ್ದವಾದ ತೂತಿಗೆ ದಪ್ಪ ವಾಷರನ್ನು ಸರಿಯಾದ ಜಾಗದಲ್ಲಿ ಇಟ್ಟು ವೆಲ್ಡ್ ಮಾಡಬಹುದು. ಸುಮ್ನೆ ದೊಡ್ಡ ಬೋಲ್ಟ್ ತುರುಕಿದರೆ ಕಿವಿಯ ಅಂಚು ತೆಳ್ಳಗಾಗುತ್ತದೆ ಅಷ್ಟೇ.

ರಬ್ಬರ್ ಬುಷ್ ಹಾಕಿದ್ದರೆ, ಬೋಲ್ಟ್ ಬಿಗಿ ಮಾಡಿದಾಗ ಗಾಡಿ ಎಲ್ಲಿತ್ತು ಅಂತ ನೆನಪಿಸಿಕೊಳ್ಳಿ. ಆಕ್ಸಲ್ ನೇತಾಡುತ್ತಿರುವಾಗ ಬಿಗಿ ಮಾಡಿದ್ದರೆ, ಗಾಡಿ ನೆಲಕ್ಕೆ ಇಳಿದ ಕೂಡಲೇ ಬುಷ್ ತಿರುಚಿಕೊಂಡೇ ಕೂರುತ್ತದೆ, ಪ್ರತಿ ಗುಂಡಿಗೂ ಇನ್ನಷ್ಟು ತಿರುಚಿ ಬೇಗ ಹರಿಯುತ್ತದೆ. ಬೋಲ್ಟ್ ಸಡಿಲಿಸಿ, ಗಾಡಿ ತನ್ನ ಭಾರದಲ್ಲಿ ನಿಂತಾಗ ಮತ್ತೆ ಬಿಗಿ ಮಾಡಿ.

ಇನ್ನು ಲಾಕ್ ನಟ್. ಬಣ್ಣದ ಗೆರೆ ಸರಿದಿದ್ದರೆ ನಟ್ ಸಡಿಲ, ಥ್ರೆಡ್ ಒಳಗೆ ಟಕ್ ಟಕ್. ಬಿಗಿ ಮಾಡುವ ಮುಂಚೆ ಥ್ರೆಡ್ ಎಷ್ಟು ಒಳಗಿದೆ ಅಂತ ನೋಡಿ. ಥ್ರೆಡ್ ವ್ಯಾಸದ ಒಂದೂವರೆ ಪಟ್ಟು ಒಳಗಿರಲಿ ಅನ್ನುವುದು ಒಳ್ಳೆಯ ಲೆಕ್ಕ. ಮುಕ್ಕಾಲು ಇಂಚಿನ, ಇಂಚಿಗೆ 16 ಸುತ್ತಿರುವ ಥ್ರೆಡ್ ಆದರೆ ಸುಮಾರು 29 ಮಿ.ಮೀ., ಅಂದರೆ 18 ಸುತ್ತು. ಲಿಂಕ್ ಗಿಡ್ಡ ಕತ್ತರಿಸಿಬಿಟ್ಟು ಜಾಯಿಂಟನ್ನು ಹೊರಗೆಳೆದು ಉದ್ದ ಸರಿ ಮಾಡಿದ ಕೇಸುಗಳಲ್ಲಿ ಇದು ಅರ್ಧಕ್ಕೆ ಇಳಿದಿರುತ್ತದೆ. ಅಂಥ ಲಿಂಕಿಗೆ ಹೊಸ ಪೈಪೇ ಮದ್ದು, ಲಾಕ್‌ಟೈಟ್ (ಥ್ರೆಡ್ ಅಂಟು) ಅಲ್ಲ.

ಅದೇ ತುದಿಯ ನಟ್ ಮತ್ತೆ ಮತ್ತೆ ಸಡಿಲ ಆಗುತ್ತಿದ್ದರೆ ಇನ್ನಷ್ಟು ಬಿಗಿ ಮಾಡಿ ಪ್ರಯೋಜನ ಇಲ್ಲ. ಚಕ್ರ ಒಂದು ಮೇಲೆ ಒಂದು ಕೆಳಗೆ ಹೋದಾಗ ಆ ಜಾಯಿಂಟ್ ತನ್ನ ಕೋನದ ಕೊನೆಗೆ ಬಂದು ಬ್ರಾಕೆಟ್ಟಿಗೆ ಬಡಿಯುತ್ತಿದೆ, ಆ ಮೀಟುವಿಕೆ ನಟ್ಟನ್ನು ಬಿಚ್ಚುತ್ತಿದೆ. ಬ್ರಾಕೆಟ್ ಒಳಮೈಯಲ್ಲಿ ಪೇಂಟ್ ಹೋಗಿ ಹೊಳೆಯುವ ಗುರುತು ಇದೆಯಾ ನೋಡಿ.

ಬಿಗಿ ಎಲ್ಲಿದೆ: ಸ್ಪ್ರಿಂಗ್ ತೆಗೆದು ನೋಡುವುದು

ಕೆಲಸ ಬೇಸರದ್ದು, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಊಹೆ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕಾಯಿಲ್ ಮತ್ತು ಶಾಕ್ ಅಬ್ಸಾರ್ಬರ್ ತೆಗೆಯಿರಿ. ಬ್ರೇಕ್ ಹೋಸ್ ಎಳೆಯದ ಹಾಗೆ ನೋಡಿಕೊಳ್ಳಿ. ಜ್ಯಾಕ್‌ನಿಂದ ಆಕ್ಸಲ್ಲನ್ನು ಬಂಪ್ ಸ್ಟಾಪ್ (ಆಕ್ಸಲ್ ಮೇಲೇಳುವುದನ್ನು ಕೊನೆಗೆ ತಡೆಯುವ ಅಡ್ಡೆ) ತನಕ ಎತ್ತಿ, ಪೂರ್ತಿ ಕೆಳಗೆ ಇಳಿಸಿ, ಆಮೇಲೆ ಒಂದು ಬದಿ ಪೂರ್ತಿ ಮೇಲೆ ಇನ್ನೊಂದು ಪೂರ್ತಿ ಕೆಳಗೆ, ಮತ್ತೆ ಅದನ್ನು ಅದಲು ಬದಲು. ಆಕ್ಸಲ್ ತನ್ನ ಭಾರಕ್ಕೇ ಸಲೀಸಾಗಿ ಇಳಿಯಬೇಕು. ನಡುವೆ ಎಲ್ಲಾದರೂ ಸಿಕ್ಕಿಕೊಂಡು ನಿಂತರೆ, ಅಲ್ಲೇ ನಿಲ್ಲಿಸಿ ಎಂಟೂ ತುದಿಗಳನ್ನು ಟಾರ್ಚ್ ಹಾಕಿ ನೋಡಿ.

ಸಾದಾ ರಾಡ್ ಎಂಡ್ (ಒಳಗೆ ಚೆಂಡು ಇರುವ ಜಾಯಿಂಟ್) ಅಷ್ಟು ಓರೆ ತಿರುಗುವುದಿಲ್ಲ. ಚೂಪು ಸ್ಪೇಸರ್ ಹಾಕಿದರೆ ಜಾಸ್ತಿ ಕೋನ ಸಿಗುತ್ತದೆ, ಆದರೆ ಒಳಗೆ ಹೋಗುವ ಬೋಲ್ಟ್ ಸಣ್ಣದಾಗುತ್ತದೆ, ಅದನ್ನು ಮರೆಯಬೇಡಿ. ಇನ್ನೊಂದು ಸಣ್ಣ ಉಪಾಯ ಇದೆ: ಬ್ರಾಕೆಟ್ಟನ್ನು ಲಿಂಕ್ ಇರುವ ದಿಕ್ಕಿಗೇ ತಿರುಗಿಸಿ ವೆಲ್ಡ್ ಮಾಡಿದರೆ ಜಾಯಿಂಟ್ ನಿಂತಲ್ಲೇ ನೇರ ಇರುತ್ತದೆ, ಎರಡೂ ಕಡೆಗೆ ಸಮ ಜಾಗ ಉಳಿಯುತ್ತದೆ. ಓರೆಯಾಗಿ ಹೋಗುವ ಲಿಂಕಿಗೆ ನೇರ ಬ್ರಾಕೆಟ್ ಹಾಕಿದವರು ಅರ್ಧ ಕೋನವನ್ನು ನಿಂತಲ್ಲೇ ಖರ್ಚು ಮಾಡಿರುತ್ತಾರೆ.

ಮೇಲಿನ ಎರಡು ಲಿಂಕ್ ತ್ರಿಕೋನದಲ್ಲಿ ಸೇರುವ ಹಾಗೆ ಮಾಡಿ, ಅದರ ಮೇಲೆ ಪ್ಯಾನ್‌ಹಾರ್ಡ್ ರಾಡ್ ಕೂಡ ಉಳಿಸಿಕೊಂಡಿದ್ದೀರಾ? ಹಾಗಾದರೆ ಉತ್ತರ ಸಿಕ್ಕಿತು. ಒಂದೇ ಬಾಗಿಲಿಗೆ ಎರಡು ಬೇರೆ ಬೇರೆ ಸಾಲಿನಲ್ಲಿ ಕೀಲು ಹೊಡೆದ ಹಾಗೆ ಅದು, ಆಕ್ಸಲ್ ಅಡ್ಡಕ್ಕೆ ಎಲ್ಲಿರಬೇಕು ಅಂತ ಇಬ್ಬರು ಬೇರೆ ಬೇರೆ ಹೇಳುತ್ತಿದ್ದಾರೆ. ಒಂದನ್ನು ತೆಗೆಯಿರಿ. ಮೆತ್ತನೆಯ ಬುಷ್ ಇದ್ದಾಗ ಹೇಗೋ ನಡೆಯುತ್ತಿತ್ತು, ಗಟ್ಟಿ ಜಾಯಿಂಟ್ ಬಂದ ಮೇಲೆ ಬ್ರಾಕೆಟ್ ಕೀಳುತ್ತದೆ.

ಪೂರ್ತಿ ಕೆಳಗಿಳಿದಾಗ ಕಾಯಿಲ್ ಕಳಚುತ್ತದೆಯಾ, ಶಾಫ್ಟ್ ಸ್ಪ್ಲೈನ್ ಹೊರಬರುತ್ತದೆಯಾ, ಮೇಲಿನ ಲಿಂಕ್ ಟ್ಯಾಂಕಿಗೋ ನೆಲಹಾಸಿಗೋ ತಾಗುತ್ತದೆಯಾ ಅಂತಲೂ ಈಗಲೇ ನೋಡಿಬಿಡಿ.

ಏರಿನಲ್ಲಿ ಕುಣಿತ

ಇದು ಬಹಳ ಜನರ ತಲೆ ಕೆಡಿಸುವ ದೋಷ, ಯಾಕೆಂದರೆ ಹೆಚ್ಚಾಗಿ ಯಾವ ಬಿಡಿಭಾಗವೂ ಕೆಟ್ಟಿರುವುದಿಲ್ಲ. ಟೈರ್ ಗಾಳಿ ಮತ್ತು ಶಾಕ್ ಅಬ್ಸಾರ್ಬರ್ ಮೊದಲು ನೋಡಿ, ಸುಸ್ತಾದ ಶಾಕ್ ಒಂದೇ ಸಾಕು ಚಕ್ರ ಕುಣಿಸೋಕೆ. ಅವು ಸರಿ ಇದ್ದರೆ ಟೇಪು ಮತ್ತು ಕಾಗದ ತೆಗೆಯಿರಿ.

ಮೊದಲು ಆಕ್ಸಲ್ ಕಡೆ ಮೇಲಿನ ಮತ್ತು ಕೆಳಗಿನ ಲಿಂಕ್ ನಡುವೆ ಎತ್ತರದ ಅಂತರ ಎಷ್ಟಿದೆ? ಕೆಳಗಿನ ಲಿಂಕ್ ನೆಲದಿಂದ 400 ಮಿ.ಮೀ., ಮೇಲಿನದು 600 ಮಿ.ಮೀ. ಅಂದುಕೊಳ್ಳಿ. ಟೈರು ನೆಲದಲ್ಲಿ ಎಳೆಯುವ ಬಲ ಒಂದು ಪಾಲು ಅಂದರೆ, ಲಿಂಕ್‌ಗಳು ಹೆಚ್ಚುಕಡಿಮೆ ಮಟ್ಟವಾಗಿದ್ದಾಗ ಮೇಲಿನ ಲಿಂಕ್‌ಗಳಲ್ಲಿ ಎರಡು ಪಾಲು ಎಳೆತ, ಕೆಳಗಿನವುಗಳಲ್ಲಿ ಮೂರು ಪಾಲು ಒತ್ತಡ ಬರುತ್ತದೆ. ಲೆಕ್ಕ ಸುಲಭ: 400ನ್ನು ಅಂತರ 200ರಿಂದ ಭಾಗಿಸಿದರೆ ಮೇಲಿನದು, ಅದಕ್ಕೆ ಒಂದು ಕೂಡಿಸಿದರೆ ಕೆಳಗಿನದು. ಅಂತರವನ್ನು 100ಕ್ಕೆ ಇಳಿಸಿದರೆ ಮೇಲೆ ನಾಲ್ಕು ಪಾಲು, ಕೆಳಗೆ ಐದು ಪಾಲು. ಜಾಗ ಇಲ್ಲ ಅಂತ ಮೇಲಿನ ಬ್ರಾಕೆಟ್ ಗಿಡ್ಡ ಮಾಡಿದವರ ಜಾಯಿಂಟ್ ಯಾಕೆ ಸಾಯುತ್ತದೆ, ಆಕ್ಸಲ್ ಯಾಕೆ ತಿರುಚಿ ಬಿಟ್ಟು ತಿರುಚಿ ಬಿಟ್ಟು ಕುಣಿಯುತ್ತದೆ ಅಂತ ಈಗ ಗೊತ್ತಾಯಿತಲ್ವಾ? ಟೈರ್ ವ್ಯಾಸದ ಕಾಲು ಭಾಗದಷ್ಟು ಅಂತರ ಇರಲಿ ಅಂತ ಲಿಂಕ್ ಕಟ್ಟುವವರು ಹೇಳುವುದು ಇದಕ್ಕೇ.

ಎರಡನೆಯದು ಆ್ಯಂಟಿ ಸ್ಕ್ವಾಟ್. ಎಳೆತ ಬಿದ್ದಾಗ ಲಿಂಕ್‌ಗಳೇ ಗಾಡಿಯ ಹಿಂಭಾಗವನ್ನು ಎಷ್ಟು ಎತ್ತಿ ಹಿಡಿಯುತ್ತವೆ ಅನ್ನುವ ಲೆಕ್ಕ ಅದು. 100 ಪರ್ಸೆಂಟ್ ಅಂದರೆ ಹಿಂಭಾಗ ಕೂರುವುದೂ ಇಲ್ಲ, ಏಳುವುದೂ ಇಲ್ಲ. ಅದಕ್ಕಿಂತ ತುಂಬಾ ಜಾಸ್ತಿ ಆದರೆ ಹಿಂಭಾಗ ಏಳುತ್ತದೆ, ಹಿಡಿತ ಜಾರಿದ ಕೂಡಲೇ ಕುಸಿಯುತ್ತದೆ, ಮತ್ತೆ ಹಿಡಿತ ಸಿಕ್ಕಿ ಏಳುತ್ತದೆ. ಕುಣಿತ ಅಂದರೆ ಇದೇ. ಕಡಿದಾದ ಏರಿನಲ್ಲಿ ಹಿಂಭಾಗ ಎದ್ದು ಗಾಡಿ ಇನ್ನೂ ಅಸ್ಥಿರ ಆಗುವುದೂ ಇದರಿಂದಲೇ.

ಕಾಗದದ ಮೇಲೆ ಗಾಡಿಯ ಪಕ್ಕನೋಟ ಬರೆಯಿರಿ, ಹತ್ತಕ್ಕೊಂದು ಅಳತೆಯಲ್ಲಿ. ಮೇಲಿನ ಲಿಂಕ್, ಕೆಳಗಿನ ಲಿಂಕ್ ಎರಡರ ಗೆರೆಯನ್ನೂ ಮುಂದಕ್ಕೆ ಎಳೆದು ಎಲ್ಲಿ ಸೇರುತ್ತವೆ ನೋಡಿ. ಹಿಂದಿನ ಟೈರು ನೆಲಕ್ಕೆ ತಾಗುವ ಜಾಗದಿಂದ ಆ ಬಿಂದುವಿನ ಮೂಲಕ ಇನ್ನೊಂದು ಗೆರೆ ಎಳೆಯಿರಿ. ಅದು ಮುಂದಿನ ಆಕ್ಸಲ್ ನೇರದಲ್ಲಿ ಎಷ್ಟು ಎತ್ತರದಲ್ಲಿ ಹಾಯುತ್ತದೆ ಅಂತ ಅಳೆದು, ಗಾಡಿಯ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಆ ಎತ್ತರ ಖಚಿತವಾಗಿ ಸಿಗುವುದು ಕಷ್ಟ, ಬೆಲ್ ಹೌಸಿಂಗಿನ (ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕವಚ) ಮೇಲಿನ ಬೋಲ್ಟಿನ ಮಟ್ಟವನ್ನು ಅಂದಾಜಿಗೆ ಹಿಡಿಯುವುದು ರೂಢಿ.

ಮೇಲಿನ 400, 600 ಎತ್ತರದ ಉದಾಹರಣೆಯನ್ನೇ ಮುಂದುವರಿಸೋಣ. ಕೆಳಗಿನ ಲಿಂಕ್ ಆಕ್ಸಲ್ಲಿನಿಂದ 900 ಮಿ.ಮೀ. ಮುಂದೆ ಚಾಸಿಯಲ್ಲಿ 470 ಎತ್ತರಕ್ಕೆ, ಮೇಲಿನದು 650 ಮಿ.ಮೀ. ಮುಂದೆ 560 ಎತ್ತರಕ್ಕೆ ಸಿಗುತ್ತದೆ. ವೀಲ್‌ಬೇಸ್ 2500, ಗುರುತ್ವ ಕೇಂದ್ರ 750. ಗೆರೆ ಎಳೆದರೆ ಆ್ಯಂಟಿ ಸ್ಕ್ವಾಟ್ ಸುಮಾರು 119 ಪರ್ಸೆಂಟ್ ಬರುತ್ತದೆ. ಈಗ ಮೇಲಿನ ಲಿಂಕಿನ ಚಾಸಿ ಕಡೆಯ ತೂತನ್ನು ಬರೀ 20 ಮಿ.ಮೀ. ಮೇಲಕ್ಕೆ ಸರಿಸಿ. 98 ಪರ್ಸೆಂಟಿಗೆ ಇಳಿಯಿತು. ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ವ್ಯತ್ಯಾಸ. ಅದಕ್ಕೇ ಚಾಸಿ ಕಡೆಯ ಮೇಲಿನ ಬ್ರಾಕೆಟ್ಟಿಗೆ ಮೂರು ನಾಲ್ಕು ತೂತು ಮೊದಲೇ ಕೊರೆದಿಟ್ಟುಕೊಳ್ಳಿ ಅನ್ನುವುದು. ಇರದಿದ್ದರೆ ಈಗ ಮಾಡಿ, ಒಂದೊಂದೇ ತೂತು ಬದಲಿಸಿ ಅದೇ ಏರು ಹತ್ತಿ ನೋಡಿ. ತೂತು ಬದಲಿಸಿದಾಗ ಪಿನಿಯನ್ ಕೋನವೂ ಬದಲಾಗುತ್ತದೆ, ಲಿಂಕಿನ ಉದ್ದ ಹೊಂದಿಸಿಕೊಳ್ಳಬೇಕು.

ಹಿಂಭಾಗ ತಾನೇ ತಿರುಗುತ್ತದೆ

ತಿರುವಿನಲ್ಲಿ ಹಿಂಭಾಗ ಹೊರಗೆ ಜಾರಿದ ಹಾಗೆ ಅನ್ನಿಸಿದರೆ ಕೆಳಗಿನ ಲಿಂಕಿನ ಇಳಿಜಾರು ನೋಡಿ. ಗಾಡಿ ಎತ್ತರಿಸಿದ ಮೇಲೆ ಚಾಸಿ ತುದಿ ಮೇಲೆ, ಆಕ್ಸಲ್ ತುದಿ ತುಂಬಾ ಕೆಳಗೆ ಇರುತ್ತದೆ. ತಿರುವಿನಲ್ಲಿ ಹೊರಗಿನ ಬದಿ ಒತ್ತಿಕೊಂಡಾಗ ಆ ಬದಿಯ ಲಿಂಕ್ ಮಟ್ಟವಾಗುತ್ತಾ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ಒಳಗಿನ ಚಕ್ರವನ್ನು ಇನ್ನೊಂದು ಲಿಂಕ್ ಮುಂದಕ್ಕೆ ಎಳೆಯುತ್ತದೆ, ಇಡೀ ಆಕ್ಸಲ್ ತಿರುವಿನ ಹೊರಗೆ ಮುಖ ಮಾಡುತ್ತದೆ. ಲಿಂಕ್ ಉದ್ದ ಮಾಡಿ, ಚಾಸಿ ಬ್ರಾಕೆಟ್ ಕೆಳಗೆ ತಂದರೆ ಕಡಿಮೆಯಾಗುತ್ತದೆ, ಆದರೆ ಬ್ರಾಕೆಟ್ ಕಲ್ಲಿಗೆ ತಾಗುವ ಭಯ ಜಾಸ್ತಿ. ಎರಡನ್ನೂ ತೂಗಿ ನೋಡಿ. ರಸ್ತೆಯಲ್ಲಿ ಜಾಸ್ತಿ ಓಡುವ ಗಾಡಿಯಾದರೆ ನಾನು ಕಲ್ಲಿನ ಭಯವನ್ನೇ ಒಪ್ಪಿಕೊಳ್ಳುತ್ತೇನೆ.

ನೇರ ರಸ್ತೆಯಲ್ಲೇ ಗಾಡಿ ಓರೆಯಾಗಿ ಓಡಿದರೆ ಮೊದಲು ಬರೆದಿಟ್ಟ ಎಡ ಬಲ ಅಳತೆ ತೆಗೆಯಿರಿ, ಕೆಳಗಿನ ಲಿಂಕ್ ಉದ್ದದಲ್ಲಿ ಸರಿ ಮಾಡಿ. ಇಡೀ ಆಕ್ಸಲ್ ಒಂದು ಬದಿಗೆ ಸರಿದಿದ್ದರೆ ಪ್ಯಾನ್‌ಹಾರ್ಡ್ ರಾಡ್ ಗಿಡ್ಡವಾಗಿದೆ: ಗಾಡಿ ಎತ್ತರಿಸಿದಾಗ ಆ ರಾಡ್ ಜಾಸ್ತಿ ಓರೆಯಾಗಿ, ತನ್ನ ಚಾಸಿ ತುದಿ ಇರುವ ಕಡೆಗೆ ಆಕ್ಸಲ್ಲನ್ನು ಎಳೆಯುತ್ತದೆ.

ವೇಗದ ಜೊತೆ ಬರುವ ನಡುಕ

ಶಾಫ್ಟಿಗೆ ಎರಡು ತುದಿಯಲ್ಲಿ ಒಂದೊಂದೇ ಕ್ರಾಸ್ ಇದ್ದರೆ ಟ್ರಾನ್ಸ್‌ಫರ್ ಕೇಸಿನ ಹೊರಮುಖ ಮತ್ತು ಪಿನಿಯನ್ ಒಂದಕ್ಕೊಂದು ಸಮಾನಾಂತರ ಇರಬೇಕು. ಟ್ರಾನ್ಸ್‌ಫರ್ ಕೇಸ್ ತುದಿಯಲ್ಲಿ ಡಬಲ್ ಕಾರ್ಡನ್ (ಜೋಡಿ ಕ್ರಾಸ್) ಇದ್ದರೆ ಪಿನಿಯನ್ ನೇರ ಶಾಫ್ಟಿನ ಕಡೆಗೇ ನೋಡಬೇಕು, ಎಳೆತಕ್ಕೆ ಮೂಗು ಮೇಲೇಳುವುದರಿಂದ ಒಂದೆರಡು ಡಿಗ್ರಿ ಕೆಳಗೆ ಬಿಡುತ್ತಾರೆ. ಒಂದಕ್ಕೆ ಇರುವ ನಿಯಮ ಇನ್ನೊಂದಕ್ಕೆ ಹಾಕಿದರೆ ನಡುಕ ಗ್ಯಾರಂಟಿ. ಎಳೆಯುವಾಗ ನಡುಗಿ, ಬಿಟ್ಟಾಗ ನಿಂತರೆ ಕೋನವೇ ಕಾರಣ ಅಂತ ಅನುಮಾನ ಪಡಿ. ಶಾಫ್ಟ್ ಬಿಚ್ಚಿ ಕೂರಿಸುವಾಗ ಎರಡು ಯೋಕ್ (ಕ್ರಾಸ್ ಕೂರುವ ಕವಲು) ಒಂದೇ ಸಾಲಿಗೆ ಬರದಿದ್ದರೂ ಇದೇ ನಡುಕ ಬರುತ್ತದೆ.

ಬಾಗಿದ ಲಿಂಕ್, ಬಿರುಕು ಬಿಟ್ಟ ವೆಲ್ಡ್

ಕೆಳಗಿನ ಲಿಂಕ್ ಕಲ್ಲಿಗೆ ಕೂತು ಬಾಗಿದ್ದರೆ ಬಡಿದು ನೇರ ಮಾಡಿ ಮತ್ತೆ ಹಾಕಬೇಡಿ. ಒಮ್ಮೆ ಬಾಗಿದ ಪೈಪ್ ಒತ್ತಡಕ್ಕೆ ಮತ್ತೆ ಅಲ್ಲೇ ಮಣಿಯುತ್ತದೆ. ಕಾಲು ಇಂಚು ದಪ್ಪದ ಗೋಡೆಯನ್ನೇ ಇಟ್ಟುಕೊಂಡು ಹೊರವ್ಯಾಸವನ್ನು ಒಂದೂ ಮುಕ್ಕಾಲರಿಂದ ಎರಡು ಇಂಚಿಗೆ ಏರಿಸಿದರೆ ತೂಕ ಸುಮಾರು 17 ಪರ್ಸೆಂಟ್ ಜಾಸ್ತಿ, ಬಾಗದೆ ನಿಲ್ಲುವ ಬಿಗಿತ ಸುಮಾರು 58 ಪರ್ಸೆಂಟ್ ಜಾಸ್ತಿ. ಒಳ್ಳೆಯ ವ್ಯಾಪಾರ ಅಲ್ವಾ?

ಬಿರುಕು ಮೊದಲು ಬರುವುದು ವೆಲ್ಡಿನ ಅಂಚಿನಲ್ಲಿ, ಬ್ರಾಕೆಟ್ ಮುಗಿದು ಟ್ಯೂಬ್ ಶುರುವಾಗುವ ಕಡೆ. ಪೇಂಟ್ ಎದ್ದಿದ್ದರೆ, ತುಕ್ಕಿನ ಕೂದಲೆಳೆ ಗೆರೆ ಕಂಡರೆ, ತಿಕ್ಕಿ ಶುಚಿ ಮಾಡಿ ಬಣ್ಣದ ಪೆನಿಟ್ರೆಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ದ್ರವ) ಹಚ್ಚಿ ನೋಡಿ. ಬಿರುಕಿನ ಮೇಲೆ ತಗಡು ಮುಚ್ಚಿ ವೆಲ್ಡ್ ಮಾಡುವುದು ಬೇಡ. ತುದಿಯಲ್ಲಿ ತೂತು ಕೊರೆದು, ಪೂರ್ತಿ ತಳದ ತನಕ ಕೆತ್ತಿ ತೆಗೆದು, ಆಮೇಲೆ ತುಂಬಿ. ಬ್ರಾಕೆಟ್ಟಿಗೆ ಟ್ಯೂಬಿನ ಸುತ್ತ ಹೆಚ್ಚು ಅಪ್ಪುಗೆ ಸಿಗುವ ಹಾಗೆ ಅಗಲ ಮಾಡಿ. ಡಿಫರೆನ್ಷಿಯಲ್ಲಿನ ಎರಕದ ಭಾಗಕ್ಕೆ ಸುಮ್ನೆ ವೆಲ್ಡ್ ಹೊಡೆಯಬೇಡಿ, ಅದಕ್ಕೆ ಮೊದಲೇ ಕಾಯಿಸುವುದು, ನಿಧಾನ ಆರಿಸುವುದು ಎಲ್ಲ ಬೇಕು, ಅನುಭವ ಇರುವವರ ಕೈಗೆ ಕೊಡಿ.

ವೆಲ್ಡ್ ಮಾಡುವ ಮೊದಲು ಬ್ಯಾಟರಿ ತಂತಿ ತೆಗೆಯಿರಿ, ಅರ್ತ್ ಕ್ಲಾಂಪನ್ನು ವೆಲ್ಡ್ ಆಗುವ ತುಂಡಿಗೇ, ಹತ್ತಿರದಲ್ಲೇ ಹಾಕಿ. ಚಾಸಿಗೆ ಕ್ಲಾಂಪ್ ಹಾಕಿ ಆಕ್ಸಲ್ ಮೇಲೆ ವೆಲ್ಡ್ ಮಾಡಿದರೆ ಕರೆಂಟು ಜಾಯಿಂಟ್ ಮೂಲಕ ಹೋಗಿ ಚೆಂಡಿನ ಮೈಯನ್ನು ಸುಟ್ಟು ಗುಂಡಿ ಮಾಡುತ್ತದೆ, ಹೊಸ ಜಾಯಿಂಟ್ ವಾರದಲ್ಲಿ ಕಿರುಗುಟ್ಟೋಕೆ ಇದೂ ಒಂದು ಕಾರಣ. ಪೈಪಿನ ತುದಿಗೆ ಥ್ರೆಡ್ ತುಂಡು ವೆಲ್ಡ್ ಮಾಡುವಾಗ ಜಾಯಿಂಟ್ ಹೊರಗಿರಲಿ, ಒಳಗಿನ ಟೆಫ್ಲಾನ್ ಪದರ ಬಿಸಿ ತಡೆಯುವುದಿಲ್ಲ.

ಬ್ರಾಕೆಟ್ಟೆಲ್ಲ ಒಂದೇ ಸಲ ಉದ್ದಕ್ಕೆ ಎಳೆದು ವೆಲ್ಡ್ ಮಾಡಿದ್ದರೆ ಆಕ್ಸಲ್ ಟ್ಯೂಬ್ ಬಾಗಿರುತ್ತದೆ. ಹಿಂದಿನ ಟೈರಿನ ಒಂದೇ ಅಂಚು ಸವೆಯುವುದು, ಚಕ್ರದ ಕಡೆ ಆಯಿಲ್ ಸೀಲ್ ಮತ್ತೆ ಮತ್ತೆ ಸೋರುವುದು ಇದರ ಗುರುತು. ಎರಡು ಹಿಂದಿನ ಟೈರುಗಳ ನಡುವಿನ ಅಗಲವನ್ನು ಚಕ್ರದ ನಡುಮಟ್ಟದಲ್ಲಿ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಗಾಡಿ ಸ್ವಲ್ಪ ಉರುಳಿಸಿ, ಚಕ್ರ ಅರ್ಧ ಸುತ್ತು ತಿರುಗಿದ ಮೇಲೆ ಮತ್ತೆ ಅಳೆಯಿರಿ. ಎರಡೂ ಸಲ ಮುಂದೆ ಹಿಂದೆ ವ್ಯತ್ಯಾಸ ಅದೇ ಬಂದರೆ ಚಕ್ರದ ರಿಮ್ ವಕ್ರ ಅಲ್ಲ, ಟ್ಯೂಬೇ ಬಾಗಿದೆ, ಲಿಂಕ್ ಮುಟ್ಟುವ ಮೊದಲು ಹೌಸಿಂಗನ್ನು ನೇರ ಮಾಡಿಸಬೇಕು.